‘ಗಡ್ಡೆ ಶುರುವಾಗಿದ್ದು ಎಲ್ಲಿ?’ – ಅಪ್ಪನ ಔಷಧಿ ಬದಲಿಸಿದ ಸೆಕೆಂಡ್ ಒಪಿನಿಯನ್ ಸೇವೆ

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಒಂದು ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ. ಸೇವೆಯ ಹೆಸರು ಬರೆಯುತ್ತಿಲ್ಲ, ಅಪ್ಪನನ್ನು ಮೊದಲು ನೋಡಿದ ಡಾಕ್ಟರ ಹೆಸರೂ ಬೇಡ. ಈ ಸೇವೆಯವರು ಫೈಲ್ ನೋಡಿದ ರೀತಿ ಹೇಗಿತ್ತು ಅಂತ ಹೇಳಿದರೆ ನೀವು ಎಲ್ಲೇ ಹೋದರೂ ಅದನ್ನೇ ಕೇಳಿ ಪಡೆಯಬಹುದು, ಅದಕ್ಕಾಗಿ ಬರೆಯುತ್ತಿದ್ದೇನೆ.

ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಲಿವರ್‌ಗೆ ಹರಡಿತ್ತು. ಲಿವರ್‌ನ ಎರಡೂ ಭಾಗದಲ್ಲಿ ಗಂಟುಗಳಿದ್ದವು, ಹಾಗಾಗಿ ಸದ್ಯಕ್ಕೆ ಆಪರೇಷನ್ ಬೇಡ, ಕೀಮೋ ಮೊದಲು ಅಂದರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು, ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. ಹೊಟ್ಟೆ ನೋವಿಲ್ಲ, ಮಲದಲ್ಲಿ ಕಣ್ಣಿಗೆ ಕಾಣುವ ರಕ್ತ ಇಲ್ಲ, ಕಟ್ಟಿಕೊಂಡ ಹಾಗೂ ಇಲ್ಲ. ಆ ಸುಸ್ತಿನಲ್ಲೇ ಗಡ್ಡೆ ಎಲ್ಲಿದೆ ಅನ್ನುವ ಸುಳಿವು ಇತ್ತು ಅಂತ ನಮಗೆ ತಿಳಿದದ್ದು ಆಮೇಲೆ, ಈ ಸೇವೆಯವರ ಜೊತೆ ಮಾತಾಡಿದ ದಿನ.

ಮೊದಲ ಡಾಕ್ಟರ್ ಕೆಟ್ಟವರೇನಲ್ಲ. ಬಯಾಪ್ಸಿ ತುಂಡಿನ ಮೇಲೆ ರಾಸ್ ಜೀನ್ ಪರೀಕ್ಷೆ ಮಾಡಿಸಿದ್ದರು. ರಿಪೋರ್ಟ್ ಬಂತು, ‘ವೈಲ್ಡ್ ಟೈಪ್’, ಅಂದರೆ ಆ ಜೀನ್‌ನಲ್ಲಿ ಬದಲಾವಣೆ ಆಗಿಲ್ಲ. ಅವರ ಮುಖದಲ್ಲಿ ಖುಷಿ ಕಂಡಿತು. ಒಳ್ಳೆಯ ಸುದ್ದಿ, ಕೀಮೋ ಜೊತೆಗೆ ಸೆಟುಕ್ಸಿಮ್ಯಾಬ್ ಸೇರಿಸೋಣ, ಇದು ಟಾರ್ಗೆಟೆಡ್ ಔಷಧಿ, ನಿಮ್ಮ ತಂದೆಯವರಿಗೆ ಸರಿಹೊಂದುತ್ತೆ ಅಂದರು. ಐದು ನಿಮಿಷದ ಮಾತು ಅಷ್ಟೇ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ನಾವು ತಲೆಯಾಡಿಸಿ ಬಂದೆವು. ಟಾರ್ಗೆಟೆಡ್ ಅನ್ನುವ ಪದಕ್ಕೆ ಒಂದು ಮೋಡಿ ಇದೆ, ಅಲ್ವಾ? ಗುರಿಯಿಟ್ಟು ಹೊಡೆಯುತ್ತೆ ಅಂದ ಮೇಲೆ ಬೇಡ ಅನ್ನೋದು ಯಾರು?

ಅಕ್ಕ ಮಾತ್ರ ಹಠ ಹಿಡಿದಳು. ಇಷ್ಟು ದೊಡ್ಡ ಔಷಧಿ ಶುರು ಮಾಡುವ ಮೊದಲು ಇನ್ನೊಬ್ಬರ ಕೈಯಲ್ಲಿ ಫೈಲ್ ಓದಿಸೋಣ ಅಂದಳು. ನನಗೆ ಸುಮ್ನೆ ದಿನ ಹಾಳು ಅನ್ನಿಸಿತ್ತು. ಮೊದಲ ಡಾಕ್ಟರನ್ನೇ ಕೇಳಿದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೀಮೋ ಶುರು ಮಾಡಿಬಿಡೋಣ, ಟಾರ್ಗೆಟೆಡ್ ಔಷಧಿಯನ್ನು ಮುಂದಿನ ಸುತ್ತಿಗೆ ಸೇರಿಸಿದರೂ ನಡೆಯುತ್ತೆ, ಅಷ್ಟರಲ್ಲಿ ಕೇಳಿಕೊಂಡು ಬನ್ನಿ ಅಂದರು. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣ ಇದೆ. ಸೆಕೆಂಡ್ ಒಪಿನಿಯನ್ ಕೇಳಿದರೆ ಡಾಕ್ಟರ್ ಸಿಟ್ಟಾಗುತ್ತಾರೆ ಅನ್ನುವ ಭಯ ಎಷ್ಟೋ ಮನೆಯಲ್ಲಿ ಇರುತ್ತೆ, ನಮಗೂ ಇತ್ತು.

ಸೇವೆ ನಡೆಯುವುದು ಹೀಗೆ. ರಿಪೋರ್ಟ್‌ಗಳನ್ನೆಲ್ಲ ಕಳಿಸಬೇಕು. ಅವರ ಕಡೆಯ ಒಬ್ಬರು ಅದನ್ನು ಜೋಡಿಸಿ, ಏನು ಕೊರತೆ ಇದೆ ನೋಡಿ, ಫೋನ್ ಮಾಡುತ್ತಾರೆ. ಆಮೇಲೆ ಕರುಳಿನ ಕ್ಯಾನ್ಸರನ್ನೇ ನೋಡುವ ಡಾಕ್ಟರ್ ವಿಡಿಯೋದಲ್ಲಿ ಸಿಗುತ್ತಾರೆ. ಕೊನೆಗೆ ಒಂದು ಪತ್ರ ಬರುತ್ತೆ. ನಾನು ಕಳಿಸಿದ್ದು ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ರಕ್ತದ ರಿಪೋರ್ಟ್, ರಾಸ್ ರಿಪೋರ್ಟ್. ಮಾರನೇ ದಿನ ಫೋನ್ ಬಂತು. ಆ ಕಡೆಯ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, ಕೊಲೊನೋಸ್ಕೋಪಿ ರಿಪೋರ್ಟ್, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದು, ಎಲ್ಲಿ? ಗಡ್ಡೆ ಕರುಳಿನ ಯಾವ ಜಾಗದಲ್ಲಿ ಶುರುವಾಗಿದ್ದು?

ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಲಿವರ್‌ನಲ್ಲಿ ಎಷ್ಟು ಗಂಟು, ಎಷ್ಟು ಸೆಂಟಿಮೀಟರ್ ಅಂತ ಬಾಯಿಪಾಠ ಇತ್ತು. ಶುರುವಾದ ಜಾಗದ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಹರಡಿದ ಮೇಲೆ ಶುರುವಾದ ಜಾಗಕ್ಕೆ ಏನು ಬೆಲೆ ಅಂದುಕೊಂಡಿದ್ದೆ. ಕಪಾಟಿನಿಂದ ಕೊಲೊನೋಸ್ಕೋಪಿ ರಿಪೋರ್ಟ್ ತೆಗೆದು ಓದಿದೆ. ಎರಡನೇ ಸಾಲಿನಲ್ಲಿ ‘ಹೆಪಾಟಿಕ್ ಫ್ಲೆಕ್ಷರ್’ ಅಂತ ಇತ್ತು. ಎಷ್ಟೋ ಸಲ ಆ ಹಾಳೆ ಕೈಗೆ ಬಂದಿತ್ತು, ಆ ಎರಡು ಪದದ ಮೇಲೆ ಒಂದು ಸಲವೂ ಕಣ್ಣು ನಿಂತಿರಲಿಲ್ಲ.

ವಿಡಿಯೋ ಕರೆಯಲ್ಲಿ ಡಾಕ್ಟರ್ ಮೊದಲು ಮಾಡಿದ್ದು ಬಿಳಿ ಹಾಳೆಯ ಮೇಲೆ ಒಂದು ಚಿತ್ರ ಬರೆದಿದ್ದು. ಬಾಗಿಲಿನ ಚೌಕಟ್ಟಿನ ಹಾಗೆ, ಕೆಳಗಿನ ಪಟ್ಟಿ ಇಲ್ಲದ್ದು. ಬಲಗಡೆ ಕೆಳಗೆ ಸೀಕಮ್, ಅಲ್ಲಿ ಸಣ್ಣ ಕರುಳು ಬಂದು ಸೇರುತ್ತೆ. ಅಲ್ಲಿಂದ ಕರುಳು ಮೇಲಕ್ಕೆ ಏರುತ್ತೆ, ಲಿವರ್‌ನ ಕೆಳಗೆ ಒಂದು ತಿರುವು, ಅದೇ ಹೆಪಾಟಿಕ್ ಫ್ಲೆಕ್ಷರ್. ಅಲ್ಲಿಂದ ಅಡ್ಡಡ್ಡ ಎಡಕ್ಕೆ ಹೋಗುತ್ತೆ, ಸ್ಪ್ಲೀನ್ ಹತ್ತಿರ ಇನ್ನೊಂದು ತಿರುವು, ಆಮೇಲೆ ಕೆಳಕ್ಕೆ ಇಳಿದು, ಸಿಗ್ಮಾಯ್ಡ್ ಅನ್ನುವ ಸುರುಳಿ ದಾಟಿ ಗುದನಾಳ ಸೇರುತ್ತೆ. ಪೆನ್ನಿನ ತುದಿಯನ್ನು ಲಿವರ್ ಕೆಳಗಿನ ತಿರುವಿನ ಮೇಲಿಟ್ಟು, ಇಲ್ಲಿದೆ ನಿಮ್ಮದು ಅಂತ ಅಪ್ಪನಿಗೆ ತೋರಿಸಿದರು. ಬಲಗಡೆ.

ಒಂದು ಚಿಕ್ಕ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ರಾತ್ರಿ ನಾನು ಸ್ಕ್ಯಾನ್ ಚಿತ್ರ ತೆಗೆದು ನೋಡಿದೆ. ಗಡ್ಡೆ ನನ್ನ ಎಡಗಡೆ ಕಾಣಿಸಿತು! ಎದೆ ಝಲ್ ಅಂತು, ಡಾಕ್ಟರ್ ತಪ್ಪು ಹೇಳಿದರಾ ಅಂತ. ಸ್ಕ್ಯಾನ್ ಚಿತ್ರವನ್ನು ರೋಗಿ ನಮ್ಮ ಎದುರು ಮುಖ ಮಾಡಿ ನಿಂತ ಹಾಗೆ ತೋರಿಸುತ್ತಾರೆ. ರೋಗಿಯ ಬಲಗಡೆ ನಮ್ಮ ಎಡಕ್ಕೆ ಬರುತ್ತೆ. ಬಲ ಎಡ ಅಂತ ಯಾರೇ ಹೇಳಿದರೂ ಅದು ರೋಗಿಯ ಬಲ, ರೋಗಿಯ ಎಡ. ಚಿತ್ರ ನೋಡಿ ನೀವೇ ತೀರ್ಮಾನ ಮಾಡಬೇಡಿ, ರಿಪೋರ್ಟಿನ ಸಾಲು ಓದಿ.

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಒಂದೇ ಕೊಳವೆ ತಾನೇ, ಬಲ ಆದರೇನು ಎಡ ಆದರೇನು? ಡಾಕ್ಟರ್ ಉತ್ತರ ನನಗೆ ಇವತ್ತಿಗೂ ಆಶ್ಚರ್ಯ. ತಾಯಿಯ ಹೊಟ್ಟೆಯಲ್ಲಿ ಭ್ರೂಣ ಬೆಳೆಯುವಾಗಲೇ ಇವೆರಡು ಬೇರೆ ಬೇರೆ ಭಾಗದಿಂದ ಬರುತ್ತವಂತೆ. ಸೀಕಮ್‌ನಿಂದ ಅಡ್ಡ ಕರುಳಿನ ಸುಮಾರು ಮೂರನೇ ಎರಡು ಭಾಗದವರೆಗೆ ನಡು ಕರುಳಿನಿಂದ ಆಗಿದ್ದು, ಉಳಿದದ್ದು ಹಿಂಗರುಳಿನಿಂದ. ರಕ್ತ ತರುವ ದೊಡ್ಡ ನಾಳವೂ ಬೇರೆ. ಒಳಗಿರುವ ಬ್ಯಾಕ್ಟೀರಿಯಾ ಗುಂಪು ಬೇರೆ. ಬಲಗಡೆ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರಾಗಿರುತ್ತೆ. ಹಾಗಾಗಿ ಗಡ್ಡೆ ಬೆಳೆದರೂ ಬೇಗ ಕಟ್ಟಿಕೊಳ್ಳುವುದಿಲ್ಲ, ಸದ್ದಿಲ್ಲದೆ ರಕ್ತ ಜಿನುಗಿ ಮನುಷ್ಯ ಸುಸ್ತಾಗುತ್ತಾನೆ. ಎಡಗಡೆ ಜಾಗ ಕಿರಿದು, ಮಲ ಗಟ್ಟಿ, ಅಲ್ಲಿ ಕಟ್ಟಿಕೊಳ್ಳುವುದು, ಕಣ್ಣಿಗೆ ಕಾಣುವ ರಕ್ತ, ಹೋಗುವ ರೂಢಿ ಬದಲಾಗುವುದು ಜಾಸ್ತಿ. ಕಬ್ಬಿಣದ ಮಾತ್ರೆಯ ತಿಂಗಳುಗಳು ನೆನಪಾಗಿ ಅಕ್ಕ ಕಣ್ಣೊರೆಸಿಕೊಂಡಳು.

ಇನ್ನು ಔಷಧಿಯ ವಿಷಯ. ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎರಡೂ ಒಂದೇ ಜಾತಿ. ಕ್ಯಾನ್ಸರ್ ಕೋಶದ ಮೇಲೆ ಇಜಿಎಫ್ಆರ್ ಅನ್ನುವ ಒಂದು ಗುಂಡಿ ಇದೆ ಅಂದುಕೊಳ್ಳಿ. ಅದನ್ನು ಒತ್ತಿದರೆ ಬೆಳೆ, ಬೆಳೆ ಅಂತ ಒಳಗೆ ಸುದ್ದಿ ಹೋಗುತ್ತೆ. ಈ ಔಷಧಿಗಳು ಆ ಗುಂಡಿಯ ಮೇಲೆ ಕೂತು ಒತ್ತಲು ಬಿಡುವುದಿಲ್ಲ. ರಾಸ್ ಅನ್ನುವುದು ಗುಂಡಿಯ ಕೆಳಗಿನ ಸ್ವಿಚ್. ಅದೇ ಕೆಟ್ಟು ಆನ್ ಆಗಿ ನಿಂತಿದ್ದರೆ ಮೇಲೆ ಗುಂಡಿ ಮುಚ್ಚಿ ಪ್ರಯೋಜನ ಇಲ್ಲ. ಈ ಕಾಯಿಲೆ ಹರಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಾಸ್ ಹೀಗೆ ಕೆಟ್ಟಿರುತ್ತೆ, ಅವರಿಗೆ ಈ ಎರಡು ಔಷಧಿಗಳನ್ನು ಕೀಮೋ ಜೊತೆ ಹೀಗೆ ಕೊಡುವುದಿಲ್ಲ. ರಾಸ್ ಗುಂಪಿನ ಕೆ-ರಾಸ್ ಜೀನ್ ವಿಷಯದಲ್ಲಿ 2008ರ ಹೊತ್ತಿಗೆ ಇದು ಖಚಿತ ಆಯಿತು. ನಮ್ಮ ಮೊದಲ ಡಾಕ್ಟರ್ ಇಲ್ಲಿಯವರೆಗೆ ಸರಿಯಾಗೇ ಬಂದಿದ್ದರು. ಅಪ್ಪನ ರಾಸ್ ಕೆಟ್ಟಿಲ್ಲ, ಆದ್ದರಿಂದ ಔಷಧಿ ಕೊಡಬಹುದು ಅನ್ನುವುದು ಅವರ ಲೆಕ್ಕ.

ಬೆವಾಸಿಜುಮ್ಯಾಬ್ ಇನ್ನೊಂದು ಜಾತಿ. ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳ ಬೆಳೆಸಿಕೊಳ್ಳಲು ವಿಇಜಿಎಫ್ ಅನ್ನುವ ಸಂಕೇತ ಕಳಿಸುತ್ತೆ. ಇದು ಆ ಸಂಕೇತವನ್ನು ಹಿಡಿದು ಹಾಕುತ್ತೆ. ರಾಸ್ ಹೇಗಿದ್ದರೂ ಕೊಡಬಹುದು, ಗಡ್ಡೆ ಯಾವ ಕಡೆ ಇದ್ದರೂ ಕೊಡಬಹುದು.

ಇಲ್ಲಿ ಡಾಕ್ಟರ್ ಮಾತು ನಿಲ್ಲಿಸಿ ಅಪ್ಪನನ್ನೇ ಕೇಳಿದರು, ಸರ್, ಕೆಲವು ಅಧ್ಯಯನಗಳ ಲೆಕ್ಕ ಇದೆ, ಅದರಲ್ಲಿ ಎಷ್ಟು ತಿಂಗಳು ಅನ್ನುವ ಸಂಖ್ಯೆ ಬರುತ್ತೆ, ಹೇಳಲಾ, ಬೇಡವಾ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿ ಅಂದರು. ಹಾಗೆ ಮೊದಲು ಕೇಳಿದ್ದಕ್ಕೇ ನನ್ನ ಲೆಕ್ಕದಲ್ಲಿ ಒಂದು ನಕ್ಷತ್ರ.

ಅವರು ಹೇಳಿದ್ದನ್ನು ನಾನು ಬರೆದುಕೊಂಡೆ, ಆಮೇಲೆ ಹುಡುಕಿ ಓದಿದೆ ಕೂಡ. ಅಮೆರಿಕದಲ್ಲಿ 80405 ಅನ್ನುವ ಸಂಖ್ಯೆಯ ದೊಡ್ಡ ಅಧ್ಯಯನ ನಡೆಯಿತು. ಕೀಮೋ ಜೊತೆಗೆ ಅರ್ಧ ಜನಕ್ಕೆ ಸೆಟುಕ್ಸಿಮ್ಯಾಬ್, ಅರ್ಧ ಜನಕ್ಕೆ ಬೆವಾಸಿಜುಮ್ಯಾಬ್. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಬದುಕಿದ್ದು 30 ತಿಂಗಳು ಮತ್ತು 29 ತಿಂಗಳು. ಇಷ್ಟೇ ಆಗಿದ್ದರೆ ಯಾವುದು ಕೊಟ್ಟರೂ ಒಂದೇ ಅಂತ ಆಗುತ್ತಿತ್ತು. ಆದರೆ ಅದೇ ಜನರನ್ನು ಗಡ್ಡೆ ಶುರುವಾದ ಕಡೆ ನೋಡಿ ಎರಡು ಗುಂಪು ಮಾಡಿ, 2016ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ವಾರ್ಷಿಕ ಸಮ್ಮೇಳನದಲ್ಲಿ ಲೆಕ್ಕ ಮುಂದಿಟ್ಟರು. ಸೆಟುಕ್ಸಿಮ್ಯಾಬ್ ತೆಗೆದುಕೊಂಡ ಎಡಗಡೆಯವರಿಗೆ 36 ತಿಂಗಳು, ಬಲಗಡೆಯವರಿಗೆ 16.7. ಬೆವಾಸಿಜುಮ್ಯಾಬ್ ತೆಗೆದುಕೊಂಡವರಲ್ಲಿ ಎಡಗಡೆಗೆ 31.4, ಬಲಗಡೆಗೆ 24.2. ಒಂದೇ ಔಷಧಿ, ಒಂದೇ ಕಾಯಿಲೆ, ಶುರುವಾದ ಕಡೆ ಮಾತ್ರ ಬೇರೆ!

ಇವು ಮಧ್ಯದ ಸಂಖ್ಯೆಗಳು. ಅರ್ಧ ಜನ ಅದಕ್ಕಿಂತ ಜಾಸ್ತಿ ದಿನ ಇದ್ದರು, ಅರ್ಧ ಜನ ಕಡಿಮೆ. ಅಪ್ಪನಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಿದರು, ಇದು ನಿಮ್ಮ ತಾರೀಖು ಅಂದುಕೊಳ್ಳಬೇಡಿ ಅಂತ.

ಒಂದು ಅಧ್ಯಯನವನ್ನು ಆಮೇಲೆ ಕೂತು ತುಂಡು ಮಾಡಿ ನೋಡಿದರೆ ಏನಾದರೊಂದು ಸಿಕ್ಕೇ ಸಿಗುತ್ತೆ, ಹಾಗಾಗಿ ಅದೊಂದನ್ನೇ ನಂಬಬೇಕಾಗಿಲ್ಲ. ಇದನ್ನು ಅವರೇ ಹೇಳಿದರು, ನಾನು ಕೇಳುವ ಮೊದಲೇ. ಜರ್ಮನಿ ಕಡೆಯ ಫೈರ್-3 ಅಧ್ಯಯನದಲ್ಲೂ ಅದೇ ಚಿತ್ರ ಬಂತು. ರಾಸ್ ಕೆಡದವರಲ್ಲಿ, ಎಡಗಡೆಗೆ ಸೆಟುಕ್ಸಿಮ್ಯಾಬ್ ಜೊತೆ 38.3 ತಿಂಗಳು, ಬೆವಾಸಿಜುಮ್ಯಾಬ್ ಜೊತೆ 28. ಬಲಗಡೆಗೆ ತಿರುವುಮುರುವು, 18.3 ಮತ್ತು 23. ಆಮೇಲೆ ಜಪಾನಿನವರು ಪ್ಯಾರಡೈಮ್ ಅನ್ನುವ ಅಧ್ಯಯನದಲ್ಲಿ ಎಡಗಡೆಯ ಪ್ರಶ್ನೆಯನ್ನು ಮೊದಲೇ ಗೊತ್ತುಮಾಡಿಕೊಂಡು ನೋಡಿದರು. ಅಲ್ಲಿ ಪ್ಯಾನಿಟುಮುಮ್ಯಾಬ್ ತೆಗೆದುಕೊಂಡ ಎಡಗಡೆಯವರಿಗೆ 37.9 ತಿಂಗಳು, ಬೆವಾಸಿಜುಮ್ಯಾಬ್ ತೆಗೆದುಕೊಂಡವರಿಗೆ 34.3. ವ್ಯತ್ಯಾಸ ಹಿಗ್ಗಿ ಕಾಣುವಷ್ಟು ದೊಡ್ಡದಲ್ಲ, ಆದರೆ ಗಟ್ಟಿಯಾಗಿ ನಿಂತಿದೆ. ಈಗ ದೊಡ್ಡ ಮಾರ್ಗಸೂಚಿಗಳು ಹೇಳುವುದೂ ಇದನ್ನೇ. ಕಾಯಿಲೆ ಹರಡಿದವರಿಗೆ ಮೊದಲು ಆರಿಸುವ ಚಿಕಿತ್ಸೆಯಲ್ಲಿ ಸೆಟುಕ್ಸಿಮ್ಯಾಬ್ ಜಾತಿಯ ಔಷಧಿ ಎಡಗಡೆಯ, ರಾಸ್ ಮತ್ತು ಅದರ ಕೆಳಗಿನ ಇನ್ನೊಂದು ಸ್ವಿಚ್ ಆದ ಬಿ-ರಾಫ್ ಕೆಡದ ಗಡ್ಡೆಗೆ. ಗುದನಾಳದ ಗಡ್ಡೆಯೂ ಈ ಲೆಕ್ಕದಲ್ಲಿ ಎಡಗಡೆಗೇ ಸೇರುತ್ತೆ.

ಅಪ್ಪನದು ಬಲಗಡೆ. ರಾಸ್ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಸೆಟುಕ್ಸಿಮ್ಯಾಬ್‌ನಿಂದ ಶುರು ಮಾಡುವುದು ಬೇಡ, ಬೆವಾಸಿಜುಮ್ಯಾಬ್ ಸೇರಿಸೋಣ ಅನ್ನುವುದು ಅವರ ಅಭಿಪ್ರಾಯ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ, ನನಗೆ ಈ ಸೇವೆಯ ಮೇಲೆ ನಂಬಿಕೆ ಬಂದದ್ದೇ ಅಲ್ಲಿಂದ ಮುಂದೆ.

ಬಲಗಡೆ ಅನ್ನುವುದು ಒಂದು ಗುರುತು ಅಷ್ಟೇ ಅಂದರು. ಆ ಕಡೆಯ ಗಡ್ಡೆಗಳ ಒಳಗೆ ಏನೇನೋ ನಡೆದಿರುತ್ತೆ. ಬಿ-ರಾಫ್ ಜೀನ್ ಬದಲಾಗಿರುವುದು ಅಲ್ಲಿ ಜಾಸ್ತಿ. ಡಿಎನ್ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುವುದೂ ಅಲ್ಲಿ ಜಾಸ್ತಿ, ಅದನ್ನು ಎಂಎಸ್ಐ ಅಂತ ರಿಪೋರ್ಟಿನಲ್ಲಿ ಬರೆಯುತ್ತಾರೆ. ಜೀನ್‌ಗಳ ಮೇಲೆ ರಾಸಾಯನಿಕ ಮುಚ್ಚಳ ಬಿದ್ದು ಬಾಯಿ ಮುಚ್ಚಿಸಿದ ಹಾಗೆ ಆಗಿರುವುದೂ ಜಾಸ್ತಿ. ಇಜಿಎಫ್ಆರ್ ಗುಂಡಿಯನ್ನು ಒತ್ತುವ ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್ ಅನ್ನುವ ಅಂಶಗಳು ಅಲ್ಲಿ ಕಡಿಮೆ ಇರುತ್ತವೆ. ಅಂದರೆ ಆ ಗಡ್ಡೆ ಆ ಗುಂಡಿಯನ್ನೇ ಅಷ್ಟಾಗಿ ನೆಚ್ಚಿಕೊಂಡಿಲ್ಲ. ನೆಚ್ಚಿಕೊಳ್ಳದ ಗುಂಡಿಯನ್ನು ಮುಚ್ಚಿದರೆ ಅದಕ್ಕೆ ಏನು ನಷ್ಟ? ಹಾಗಾಗಿ ಬರೀ ಬಲಗಡೆ ಅಂತ ಬರೆದು ಫೈಲ್ ಮುಚ್ಚುವುದು ಬೇಡ, ಬಿ-ರಾಫ್ ಮತ್ತು ಎಂಎಸ್ಐ ಎರಡೂ ನೋಡಲೇಬೇಕು ಅಂದರು. ನಮ್ಮ ಫೈಲಿನಲ್ಲಿ ಎರಡೂ ಇರಲಿಲ್ಲ. ಯಾರೂ ಕೇಳಿರಲೇ ಇಲ್ಲ.

ಎಂಎಸ್ಐ ಯಾಕೆ ಅಷ್ಟು ಮುಖ್ಯ ಅಂದರೆ, ಅದು ‘ಹೈ’ ಅಂತ ಬಂದರೆ ಇಡೀ ದಾರಿಯೇ ಬದಲಾಗುತ್ತೆ. ಕೀಮೋ ಬದಲು ಇಮ್ಯುನೋಥೆರಪಿಯಿಂದಲೇ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಔಷಧಿಯಿಂದಲೇ ಶುರು ಮಾಡಬಹುದು. ಕೀನೋಟ್-177 ಅನ್ನುವ ಅಧ್ಯಯನದಲ್ಲಿ ಪೆಂಬ್ರೊಲಿಜುಮ್ಯಾಬ್ ಅನ್ನುವ ಅಂಥ ಔಷಧಿ ತೆಗೆದುಕೊಂಡವರಲ್ಲಿ ಕಾಯಿಲೆ ಬೆಳೆಯದೆ ನಿಂತದ್ದು ಮಧ್ಯದ ಲೆಕ್ಕದಲ್ಲಿ 16.5 ತಿಂಗಳು, ಕೀಮೋ ತೆಗೆದುಕೊಂಡವರಲ್ಲಿ 8.2. ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಹರಡಿದ ಹಂತದಲ್ಲಿ ನೂರಕ್ಕೆ ನಾಲ್ಕೈದು ಜನಕ್ಕೆ ಮಾತ್ರ ಎಂಎಸ್ಐ ಹೈ ಇರುತ್ತೆ, ನಿಜ. ಆದರೆ ಆ ನಾಲ್ಕೈದು ಜನರಲ್ಲಿ ನಿಮ್ಮ ಮನೆಯವರು ಒಬ್ಬರಾಗಿದ್ದು, ಪರೀಕ್ಷೆ ಮಾಡಿಸದೇ ಬಿಟ್ಟರೆ? ಆ ಯೋಚನೆಗೇ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಬಿ-ರಾಫ್‌ನಲ್ಲಿ ವಿ600ಇ ಅನ್ನುವ ಬದಲಾವಣೆ ಬಂದರೆ ಅದಕ್ಕೂ ಬೇರೆ ದಾರಿ ಇದೆ, ಎನ್ಕೊರಾಫೆನಿಬ್ ಅನ್ನುವ ಗುಳಿಗೆ. ವಿಚಿತ್ರ ಅಂದರೆ ಅದನ್ನು ಕೊಡುವುದು ಸೆಟುಕ್ಸಿಮ್ಯಾಬ್ ಜೊತೆಗೇ, ಗಡ್ಡೆ ಬಲಗಡೆ ಇದ್ದರೂ. ಬಿ-ರಾಫ್ ಅನ್ನುವ ಒಳಗಿನ ಸ್ವಿಚ್ಚನ್ನು ಗುಳಿಗೆ ಹಿಡಿದರೆ ಗಡ್ಡೆ ಮೇಲಿನ ಗುಂಡಿಯಿಂದ ತಪ್ಪಿಸಿಕೊಳ್ಳಲು ನೋಡುತ್ತೆ, ಆಗ ಅದನ್ನೂ ಮುಚ್ಚಬೇಕು. ಕೇಳಿ ಅಕ್ಕ ಅಂದಳು, ಹಾಗಾದರೆ ಬಲಗಡೆಗೆ ಸೆಟುಕ್ಸಿಮ್ಯಾಬ್ ಬೇಡವೇ ಬೇಡ ಅಂತ ಸಾರಾಸಗಟಾಗಿ ಹೇಳೋ ಹಾಗಿಲ್ಲ. ಡಾಕ್ಟರ್ ಹೌದು ಅಂದರು, ಯಾವಾಗ, ಯಾವುದರ ಜೊತೆ ಅನ್ನುವುದೂ ಸೇರುತ್ತೆ ಅಂದರು.

ಪರೀಕ್ಷೆಗೆ ಹೊಸದಾಗಿ ಚುಚ್ಚಬೇಕಾಗಲಿಲ್ಲ. ಬಯಾಪ್ಸಿ ತುಂಡನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಬ್ಲಾಕ್ ಅಂತಾರೆ. ಅದನ್ನು ಲ್ಯಾಬಿನಿಂದ ಬಿಡಿಸಿಕೊಂಡು ನಾನೇ ತಂದೆ. ಬೆರಳ ತುದಿಯಷ್ಟು ಮೇಣ, ಪ್ಲಾಸ್ಟಿಕ್ ಚೌಕಟ್ಟು, ನಡುವೆ ಕಂದುಬಣ್ಣದ ಎರಡು ಚುಕ್ಕೆ. ಅಪ್ಪನ ಎಲ್ಲ ತೀರ್ಮಾನಗಳೂ ಆ ಎರಡು ಚುಕ್ಕೆಯೊಳಗೆ ಇವೆ ಅಂತ ಅನ್ನಿಸಿ ಚೀಲದಲ್ಲಿ ಹಾಕಲು ಮನಸ್ಸಾಗಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋದೆ. ರಿಪೋರ್ಟ್ ಬಂತು. ಎಂಎಸ್ಐ ಸ್ಟೇಬಲ್, ಅಂದರೆ ಇಮ್ಯುನೋಥೆರಪಿಯಿಂದ ಶುರು ಮಾಡುವ ದಾರಿ ಇಲ್ಲ. ಬಿ-ರಾಫ್ ಬದಲಾಗಿಲ್ಲ. ಹರ್-2 ಅನ್ನುವ ಇನ್ನೊಂದು ಗುರುತಿನ ಪರೀಕ್ಷೆ ಕೂಡ ನೆಗೆಟಿವ್. ತೀರ್ಮಾನ ಅದೇ ಉಳಿಯಿತು, ಫಾಲ್ಫಿರಿ ಅನ್ನುವ ಕೀಮೋ ಜೊತೆಗೆ ಬೆವಾಸಿಜುಮ್ಯಾಬ್. ಮೊದಲ ಡಾಕ್ಟರ್ ಪತ್ರವನ್ನು ಪೂರ್ತಿ ಓದಿ, ಸರಿ, ಇದನ್ನೇ ಮಾಡೋಣ ಅಂದರು. ಚಿಕಿತ್ಸೆ ಇವತ್ತಿಗೂ ಅವರ ಬಳಿಯೇ ನಡೆಯುತ್ತಿದೆ.

ಕೀಮೋ ದಿನ ಅಪ್ಪನ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂರುತ್ತಾರೆ. ಅವರದೂ ಲಿವರ್‌ಗೆ ಹರಡಿದ ಕರುಳಿನ ಕ್ಯಾನ್ಸರ್, ಅವರ ರಾಸ್ ರಿಪೋರ್ಟೂ ವೈಲ್ಡ್ ಟೈಪ್. ಆದರೆ ಅವರದು ಸಿಗ್ಮಾಯ್ಡ್, ಎಡಗಡೆ. ಅವರಿಗೆ ಪ್ಯಾನಿಟುಮುಮ್ಯಾಬ್ ನಡೆಯುತ್ತಿದೆ. ಮುಖ, ಎದೆ ಎಲ್ಲ ಮೊಡವೆ ಹಾಗೆ ಗುಳ್ಳೆ, ಉಗುರಿನ ಬದಿ ಊದಿಕೊಂಡು ಕೆಂಪಾಗಿರುತ್ತೆ, ರಕ್ತದಲ್ಲಿ ಮೆಗ್ನೀಷಿಯಂ ಇಳಿಯುತ್ತೆ ಅಂತ ಆಗಾಗ ಅದನ್ನೂ ಹಾಕುತ್ತಾರೆ. ಕಣ್ಣಿನ ರೆಪ್ಪೆಗೂದಲು ಮಾತ್ರ ಉದ್ದ ಉದ್ದ ಬೆಳೆದಿದೆ. ಆ ಗುಳ್ಳೆಗೆ ಮೊದಲ ದಿನದಿಂದಲೇ ತೇವದ ಕ್ರೀಮ್, ಬಿಸಿಲಿಗೆ ಸನ್‌ಸ್ಕ್ರೀನ್, ಡಾಕ್ಟರ್ ಬರೆದ ಡಾಕ್ಸಿಸೈಕ್ಲಿನ್ ಗುಳಿಗೆ ಶುರು ಮಾಡಿದರೆ ಎಷ್ಟೋ ಕಡಿಮೆ ಆಗುತ್ತೆ, ಎದ್ದ ಮೇಲೆ ಓಡಾಡುವುದಕ್ಕಿಂತ ಅದು ಸುಲಭ. ಅಪ್ಪನಿಗೆ ಗುಳ್ಳೆ ಇಲ್ಲ. ಅಪ್ಪನದು ಬಿಪಿ. ಎರಡನೇ ಸುತ್ತಿನ ನಂತರ ಏರಿತು, ಗುಳಿಗೆ ಹಾಕಿದರು. ಬೆಳಿಗ್ಗೆ ಮೂಗಿನಲ್ಲಿ ಸ್ವಲ್ಪ ರಕ್ತ. ಪ್ರತಿ ಸಲ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಹಲ್ಲು ಕೀಳಿಸಬೇಕಿತ್ತು, ಬೇಡ ಅಂತ ನಿಲ್ಲಿಸಿದರು, ಈ ಔಷಧಿಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಮುಂದೆ ಲಿವರ್ ಆಪರೇಷನ್‌ಗೆ ಅವಕಾಶ ಆದರೂ ಕನಿಷ್ಠ 4 ವಾರ, ಎಷ್ಟೋ ಕಡೆ 6 ವಾರ ಮೊದಲೇ ಇದನ್ನು ನಿಲ್ಲಿಸುತ್ತಾರೆ.

ಇಬ್ಬರೂ ಒಂದೇ ದಿನ, 46 ಗಂಟೆಯ ಪಂಪ್ ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಮೊದಮೊದಲು ಅಪ್ಪನಿಗೆ ಒಳಗೊಳಗೇ ಕೊರಗು ಇತ್ತು, ಅವರಿಗೆ ಕೊಟ್ಟ ಔಷಧಿ ನನಗೆ ಯಾಕಿಲ್ಲ, ನನ್ನದು ಕೈಬಿಟ್ಟ ಕೇಸಾ ಅಂತ. ಬಾಗಿಲಿನ ಚೌಕಟ್ಟಿನ ಆ ಚಿತ್ರವನ್ನು ಅಪ್ಪನೇ ಒಂದು ದಿನ ಅವರಿಗೆ ಬರೆದು ತೋರಿಸಿದ್ದನ್ನು ನೋಡಿದೆ. ನಿಮ್ಮದು ಈ ಕಂಬ, ನನ್ನದು ಆ ಕಂಬ ಅಂತ.

ಇನ್ನು ಹೋದ ನಕ್ಷತ್ರದ ವಿಷಯ. ಅವರ ಪತ್ರ ಓದಲು ಕಷ್ಟ. ಎರಡು ಪುಟ ಪೂರ್ತಿ ಚಿಕ್ಕ ಚಿಕ್ಕ ಅಕ್ಷರಗುಚ್ಛಗಳು, ಡಾಕ್ಟರ್‌ಗೆ ಡಾಕ್ಟರ್ ಬರೆದ ಹಾಗೆ. ಕರೆಯಲ್ಲಿ ಅಷ್ಟು ಬಿಡಿಸಿ ಹೇಳಿದವರು ಮನೆಯವರಿಗಾಗಿ ಅರ್ಧ ಪುಟ ಸರಳವಾಗಿ ಬರೆದು ಕೊಡಬಹುದಿತ್ತು. ಕರೆ ಮುಗಿದ ಒಂದು ಗಂಟೆಯಲ್ಲಿ ಅರ್ಧ ಮರೆತುಹೋಗುತ್ತೆ, ಭಯದಲ್ಲಿ ಕೂತ ಮನುಷ್ಯನ ತಲೆ ಹಾಗೆಯೇ. ಇನ್ನೊಂದು, ಬ್ಲಾಕ್ ಬೇಕು ಅಂತ ಮೊದಲ ಫೋನಿನಲ್ಲೇ ಹೇಳಿದ್ದರೆ ವಾರ ಉಳಿಯುತ್ತಿತ್ತು. ಕರೆ ಆದ ಮೇಲೆ ಹೇಳಿದರು, ಅದನ್ನು ತರುವುದಕ್ಕೆ, ಪರೀಕ್ಷೆಗೆ, ರಿಪೋರ್ಟಿಗೆ ಅಂತ ದಿನ ಹೋದವು. ಬಿಪಿ, ಹಲ್ಲು, ಮೂತ್ರ ಇದ್ಯಾವುದನ್ನೂ ಅವರು ಮೊದಲೇ ಹೇಳಲಿಲ್ಲ. ಔಷಧಿ ಯಾವುದು ಅಂತ ಹೇಳುವವರು ಅದರ ಜೊತೆ ಬದುಕುವುದು ಹೇಗೆ ಅಂತ ನಾಲ್ಕು ಮಾತು ಸೇರಿಸಬೇಕು. ಇದನ್ನು ಅವರಿಗೇ ಬರೆದು ಕಳಿಸಿದ್ದೇನೆ.

ಇಂಥ ಸೇವೆಗೆ ಫೈಲ್ ಕಳಿಸುವವರು ಕೊಲೊನೋಸ್ಕೋಪಿ ರಿಪೋರ್ಟ್ ಮರೆಯಬೇಡಿ. ಅದು ಸಿಗದಿದ್ದರೆ ಆಪರೇಷನ್ ಆದವರಿಗೆ ಆಪರೇಷನ್ ರಿಪೋರ್ಟಿನಲ್ಲಿ ಜಾಗ ಬರೆದಿರುತ್ತೆ. ‘ಟ್ರಾನ್ಸ್‌ವರ್ಸ್ ಕೋಲನ್’ ಅಂತ ಮಾತ್ರ ಇದ್ದರೆ ಎಲ್ಲಿ, ಯಾವ ತಿರುವಿಗೆ ಹತ್ತಿರ ಅಂತ ಕೇಳಿ, ಏಕೆಂದರೆ ಅಡ್ಡ ಕರುಳಿನ ಜಾಸ್ತಿ ಭಾಗ ಬಲಗಡೆಯ ಲೆಕ್ಕಕ್ಕೆ ಹೋಗುತ್ತೆ, ಕೊನೆಯ ತುಂಡು ಮಾತ್ರ ಎಡಕ್ಕೆ. ರಾಸ್ ಅಂದರೆ ಕೆ-ರಾಸ್ ಒಂದೇನಾ, ಎನ್-ರಾಸ್ ಕೂಡ ನೋಡಿದ್ದಾರಾ ಅಂತಲೂ ಕೇಳಿ. ಗಡ್ಡೆ ಎಡಗಡೆ ಇದ್ದು ರಾಸ್, ಬಿ-ರಾಫ್ ಎರಡೂ ಕೆಟ್ಟಿಲ್ಲ ಅಂದರೆ ನಿಮಗೆ ಉಲ್ಟಾ ಪ್ರಶ್ನೆ ಇದೆ, ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಯಾಕೆ ಕೊಡುತ್ತಿಲ್ಲ ಅಂತ. ಕೇಳುವ ಹಕ್ಕು ನಿಮಗಿದೆ, ಧೈರ್ಯವಾಗಿ ಕೇಳಿ.

ಮೂರು ತಿಂಗಳ ಸ್ಕ್ಯಾನಿನಲ್ಲಿ ಅಪ್ಪನ ಲಿವರ್‌ನ ಗಂಟುಗಳು ಚಿಕ್ಕದಾಗಿವೆ. ಸ್ಕ್ಯಾನ್ ಕಳಿಸುವಾಗ ನಾನು ಸೇವೆಯವರಿಗೆ ಒಂದು ಪ್ರಶ್ನೆ ಸೇರಿಸಿದ್ದೆ, ಮುಂದೆ ಈ ಔಷಧಿ ಕೆಲಸ ನಿಲ್ಲಿಸಿದರೆ ಸೆಟುಕ್ಸಿಮ್ಯಾಬ್ ಬಾಗಿಲು ಅಪ್ಪನಿಗೆ ಶಾಶ್ವತವಾಗಿ ಮುಚ್ಚಿದ ಹಾಗೇನಾ ಅಂತ. ಎರಡು ದಿನದಲ್ಲಿ ಉತ್ತರ ಬಂತು. ಇಲ್ಲ, ಮುಂದಿನ ಹಂತದ ಚಿಕಿತ್ಸೆಯಲ್ಲಿ ಅದನ್ನು ಯೋಚಿಸಬಹುದು, ಆ ಹೊತ್ತಿಗೆ ರಾಸ್ ಬದಲಾಗಿದೆಯಾ ಅಂತ ರಕ್ತದಲ್ಲೇ ಇನ್ನೊಮ್ಮೆ ನೋಡೋಣ ಅಂತ. ಈ ಸಲ ಪತ್ರದ ಕೆಳಗೆ ಅಪ್ಪನಿಗಾಗಿ ಸರಳವಾದ ಐದು ಸಾಲು ಇತ್ತು. ಅಪ್ಪ ಅದನ್ನು ಓದಿ, ಮಡಚಿ, ಫೈಲಿನಲ್ಲಿ ಕೊಲೊನೋಸ್ಕೋಪಿ ರಿಪೋರ್ಟಿನ ಮೇಲೆ ಇಟ್ಟರು.